ಸುಧಾರಕರ ಪಟ್ಟಿಗೆ ಬೆಂಗಳೂರು ನಾಗರತ್ನಮ್ಮ ಸೇರಬಾರದೇ?

ಕಪಿಲೆ ದಂಡೆ:
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ತರಗತಿ. ‘ಸ್ತ್ರೀಯರ ಬಾಳು ಬದಲಿಸಿದ ಸಮಾಜ ಸುಧಾರಕರು’ ಎಂಬ ವಿಷಯದ ಮೇಲೆ ಚಾರ್ಟ್ ಮಾಡಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದಾರೆ. ಟೀಚರ್ ಕೊಟ್ಟ ಪಟ್ಟಿ ಹೀಗಿದೆ: ರಾಮಮೋಹನ ರಾಯ್, ವಿದ್ಯಾಸಾಗರ, ಜ್ಯೋತಿಬಾ ಫುಲೆ, ವೀರೇಶಲಿಂಗಂ, ಧೋಂಡೊ ಕೇಶವ ಕರ್ವೆ. ಐವರೂ ಗಂಡಸರು. ಸಾವಿತ್ರಿಬಾಯಿಯವರು ಕೂಡ ಗಂಡನ ಹೆಸರಿನ ಬೆನ್ನಿಗೆ ಅಂಟಿಕೊಂಡು ಬಂದಿದ್ದಾರೆ, ಅಷ್ಟೆ.

ನಾವು ನಂಜನಗೂಡಿನವರು. ಊರಿನವರೊಬ್ಬರು ಇರಲಿ ಎಂದು ನಾನೇ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಚಿತ್ರ ಅಂಟಿಸಿ ಕಳುಹಿಸಿದೆ. 1878ರಲ್ಲಿ ಅವರು ಹುಟ್ಟಿದ್ದು ಇಲ್ಲಿಯೇ. ಸಂಜೆ ಚಾರ್ಟ್ ಹಿಂದಕ್ಕೆ ಬಂತು. ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೀಟು, ಪಕ್ಕದಲ್ಲಿ ‘ಬೇಡ’ ಎಂಬ ಎರಡಕ್ಷರ. ಫೋನ್ ಮಾಡಿ ಕೇಳಿದೆ. “ಸರ್, ಅವರು ದೇವದಾಸಿ ಮನೆತನದವರಲ್ಲವೇ? ಮಕ್ಕಳು ಹಾಗೆಂದರೇನು ಎಂದು ಕೇಳಿದರೆ ನಾನು ಏನು ಹೇಳಲಿ? ಅದೂ ಅಲ್ಲದೆ ಅವರು ಹಾಡುಗಾರ್ತಿ, ಸುಧಾರಣೆ ಏನು ಮಾಡಿದರು?” ಎಂದರು. ಟೀಚರ್ ಒಳ್ಳೆಯವರು, ಜಗಳ ಮಾಡುವ ಮನಸ್ಸಿಲ್ಲ. ಆದರೆ ಕೊನೆಯ ಪ್ರಶ್ನೆಗೆ ನನ್ನ ಬಳಿಯೂ ನೆಟ್ಟಗೆ ಉತ್ತರ ಇರಲಿಲ್ಲ. ತಿಳಿದವರು ಹೇಳಿ.

ಹೊಳೆಸಾಲು:
ಅವರು ಬರೆದ ತೆಲುಗು ಪುಸ್ತಕವನ್ನು ಬ್ರಿಟಿಷರು ನಿಷೇಧಿಸಿದ್ದರು ಎಂದು ಎಲ್ಲಿಯೋ ಓದಿದ ನೆನಪು. ನಿಷೇಧ ಬಿತ್ತೆಂದರೆ ಏನೋ ಮಾಡಿದ್ದಾರೆ ಎಂದೇ ಅರ್ಥ!

ರದ್ದಿ ಅಂಗಡಿ:
@ಹೊಳೆಸಾಲು, ಅರ್ಧ ಸರಿ. ಬರೆದದ್ದು ಅವರಲ್ಲ. ‘ರಾಧಿಕಾ ಸಾಂತ್ವನಮು’ ಬರೆದವಳು ಮುದ್ದುಪಳನಿ, ಹದಿನೆಂಟನೇ ಶತಮಾನದ ತಂಜಾವೂರಿನಲ್ಲಿ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ. ಕಥೆ ಇಷ್ಟೇ: ರಾಧೆ ತಾನೇ ಸಾಕಿ ಬೆಳೆಸಿದ ಇಳಾ ಎಂಬ ಹುಡುಗಿಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸುತ್ತಾಳೆ. ಮಾಡಿಸಿದ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಾಳೆ, ಮುನಿಯುತ್ತಾಳೆ. ಕೃಷ್ಣ ಬಂದು ರಮಿಸಬೇಕು. ಆಸೆಯೂ ಅವಳದೇ, ಸಿಟ್ಟೂ ಅವಳದೇ, ಮಾತೂ ಅವಳದೇ. ಶೃಂಗಾರದಲ್ಲಿ ಹೆಣ್ಣು ಮುಂದೆ ನಿಂತಿದ್ದಾಳೆ, ಅದೇ ಪೀಕಲಾಟ.

ಈಗ ನಾಗರತ್ನಮ್ಮನವರ ವಿಷಯ. ಅವರ ಕೈಗೆ ಮೊದಲು ಸಿಕ್ಕದ್ದು ಹಿಂದೆ ಅಚ್ಚಾಗಿದ್ದ ಒಂದು ಪ್ರತಿ. ಅದರಲ್ಲಿ ಪದ್ಯಗಳು ಕಾಣೆ, ಕವಯಿತ್ರಿ ತನ್ನ ಅಜ್ಜಿ, ಅತ್ತೆಯರ ಹೆಸರು ಹೇಳಿಕೊಂಡು ತನ್ನ ಪರಿಚಯ ಮಾಡಿಕೊಳ್ಳುವ ಪೀಠಿಕೆಯೂ ಕಾಣೆ. ಆಮೇಲೆ ಹಸ್ತಪ್ರತಿ ಹುಡುಕಿ ತರಿಸಿಕೊಂಡು, ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಮದ್ರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ತಿ ಅಚ್ಚು ಹಾಕಿಸಿದರು. ಇಂಥ ಕೆಲಸವನ್ನು ಗಂಡಸು ಮಾಡಿದರೆ ‘ಗ್ರಂಥ ಸಂಪಾದನೆ’ ಎಂದು ಕರೆದು ಶಾಲು ಹೊದಿಸುತ್ತೇವೆ.

1911ರಲ್ಲಿ ಪೊಲೀಸರು ಪ್ರತಿಗಳನ್ನು ಜಪ್ತಿ ಮಾಡಿದರು. ಪಂಡಿತರು ಮನವಿ ಕೊಟ್ಟರೂ ಸರ್ಕಾರ ಕದಲಲಿಲ್ಲ. ನಿಷೇಧ ತೆಗೆದದ್ದು ಟಂಗುಟೂರಿ ಪ್ರಕಾಶಂ ಅವರು ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿದ್ದಾಗ (ಆಗ ಪ್ರಾಂತ್ಯದ ಮುಖ್ಯಮಂತ್ರಿಗೆ ಹಾಗೆನ್ನುತ್ತಿದ್ದರು). ಅಷ್ಟರಲ್ಲಿ ನಾಗರತ್ನಮ್ಮನವರಿಗೆ ವಯಸ್ಸು ಅರವತ್ತೆಂಟರ ಆಸುಪಾಸು.

ಇನ್ನು ನಿಜವಾದ ತಮಾಷೆ. ಆ ಕಾವ್ಯವನ್ನೂ ಅದರ ಕವಯಿತ್ರಿಯನ್ನೂ ಅತಿ ಕಟುವಾಗಿ ಬೈದವರು ಯಾರು ಗೊತ್ತೇ? ಟೀಚರ್ ಕೊಟ್ಟ ಪಟ್ಟಿಯ ನಾಲ್ಕನೆಯ ಹೆಸರು.

ಹೊಳೆಸಾಲು:
ವೀರೇಶಲಿಂಗಂ?! ವಿಧವಾ ವಿವಾಹದ ವೀರೇಶಲಿಂಗಂ?

ರದ್ದಿ ಅಂಗಡಿ:
ಅವರೇ. ತೆಲುಗು ಕವಿಗಳ ಚರಿತ್ರೆ ಬರೆಯುವಾಗ ಮುದ್ದುಪಳನಿಯ ಹೆಸರು ಬಂದಲ್ಲಿ ಹೆಂಗಸಿನ ಬಾಯಲ್ಲಿ ಬರಬಾರದ ಮಾತು, ಕೇಳಬಾರದ ಮಾತು ಎಂಬ ಧಾಟಿಯಲ್ಲಿ ಬರೆದರು. ನಾಗರತ್ನಮ್ಮ ಸುಮ್ಮನಿರಲಿಲ್ಲ. ನಾಚಿಕೆ, ಮರ್ಯಾದೆ ಎಂಬುವೆಲ್ಲ ಹೆಂಗಸರಿಗೆ ಮಾತ್ರವೋ, ಗಂಡು ಕವಿಗಳಿಗೆ ಅವು ಬೇಡವೋ ಎಂದು ತಿರುಗಿ ಕೇಳಿದರು. ಅದಕ್ಕಿಂತ ಹಸಿಯಾಗಿ ಬರೆದ ಗಂಡಸರ ಕಾವ್ಯಗಳು ಪಂಡಿತರ ಮನೆಯ ಗೂಡಿನಲ್ಲಿ ಆರಾಮವಾಗಿ ಕುಳಿತಿದ್ದವಲ್ಲ.

ಬಳ್ಳಾರಿ ಬಿಸಿಲು:
ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಆದ್ದರಿಂದ ವೀರೇಶಲಿಂಗಂ ಪರವಾಗಿ ಒಬ್ಬರಾದರೂ ಮಾತನಾಡಬೇಕು ಎಂದು ಬಂದೆ. ಇಲ್ಲಿ ಕುಳಿತು ಮೊಬೈಲಿನಲ್ಲಿ ಅವರನ್ನು ಹಂಗಿಸುವುದು ಸುಲಭ. 1881ರ ಡಿಸೆಂಬರ್ 11ರಂದು ರಾಜಮಹೇಂದ್ರಿಯಲ್ಲಿ ಅವರು ಮೊದಲ ವಿಧವಾ ವಿವಾಹ ಮಾಡಿಸಿದಾಗ ಊರಿಗೆ ಊರೇ ಬಹಿಷ್ಕಾರ ಹಾಕಿತು. ಅಡುಗೆಯವರು ಬಿಟ್ಟುಹೋದರು, ನೀರು ತರುವವರೂ ಬರಲಿಲ್ಲ. ಅವರ ಹೆಂಡತಿ ರಾಜ್ಯಲಕ್ಷ್ಮಮ್ಮ ತಾವೇ ಗೋದಾವರಿಗೆ ಹೋಗಿ ಬಿಂದಿಗೆಯಲ್ಲಿ ನೀರು ಹೊತ್ತು ತಂದು, ಮದುವೆಗೆ ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸಿದರು. ಅಂಥವರನ್ನು ‘ಸಂಪ್ರದಾಯವಾದಿ’ ಎನ್ನುತ್ತೀರಾ?

ದೇವದಾಸಿಯರ ಮನೆಗೆ ಹೋಗುವುದು, ಮದುವೆಗಳಲ್ಲಿ ಅವರ ನಾಚ್ ಇಡಿಸುವುದು ಆಗಿನ ದೊಡ್ಡ ಮನುಷ್ಯರ ಹೆಮ್ಮೆಯಾಗಿತ್ತು. ಅದರಿಂದ ಮನೆಯ ಹೆಂಗಸರು ಪಡುತ್ತಿದ್ದ ಸಂಕಟವನ್ನು ಕಂಡು ಅವರು ಅದನ್ನು ವಿರೋಧಿಸಿದರು. ಅವರ ಕಣ್ಣಿಗೆ ಮುದ್ದುಪಳನಿಯ ಪುಸ್ತಕ ಅದೇ ಪಿಡುಗಿನ ಒಂದು ತುಂಡಾಗಿ ಕಂಡಿತು. ತಪ್ಪಿರಬಹುದು. ಆದರೆ ತಪ್ಪಿಗೂ ಒಂದು ಕಾರಣವಿದೆ.

ಮೆಣಸಿನ ಬಳ್ಳಿ:
@ಬಳ್ಳಾರಿ ಬಿಸಿಲು ಅಣ್ಣ, ನೀವು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಬಿಂದಿಗೆ. ಇತಿಹಾಸದಲ್ಲಿ ‘ವೀರೇಶಲಿಂಗಂ ವಿವಾಹ ಮಾಡಿಸಿದರು’ ಎಂದಿದೆ. ನೀರು ಹೊತ್ತವರು ಯಾರು? ಟೀಚರ್ ಪಟ್ಟಿಯಲ್ಲಿ ಅವರೂ ಇಲ್ಲ.

ನನ್ನ ಅಜ್ಜಿಯ ಅಕ್ಕನನ್ನು ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ಹನ್ನೊಂದಕ್ಕೆ ಮದುವೆ, ಹದಿಮೂರಕ್ಕೆ ಎಲ್ಲ ಮುಗಿಯಿತು. ತಲೆಗೆ ಕೆಂಪು ಸೀರೆಯ ಸೆರಗು, ಕೈ ಕೊರಳು ಬೋಳು. ತಿಂಗಳಿಗೊಮ್ಮೆ ಹಿತ್ತಿಲ ಬಾಗಿಲಿಗೆ ಕ್ಷೌರಿಕ ಬರುತ್ತಿದ್ದ. ಬಾವಿಕಟ್ಟೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರಂತೆ. ಆ ಹೊತ್ತಿನಲ್ಲಿ ಮಕ್ಕಳನ್ನು ಹಿತ್ತಿಲಿಗೆ ಬಿಡುತ್ತಿರಲಿಲ್ಲ. ಒಮ್ಮೆ ಅಜ್ಜಿ ಬಾಗಿಲ ಸಂದಿಯಿಂದ ಇಣುಕಿ ನೋಡಿದಳಂತೆ. ದೊಡ್ಡಜ್ಜಿ ಅಳುತ್ತಿರಲಿಲ್ಲ, ಬೆರಳಿನಲ್ಲಿ ಏನೋ ಎಣಿಸುತ್ತಿದ್ದರಂತೆ. ಏನು ಎಣಿಸುತ್ತಿದ್ದರೋ ಕೇಳುವ ಧೈರ್ಯ ಅಜ್ಜಿಗೆ ಕೊನೆಯವರೆಗೂ ಬರಲಿಲ್ಲ.

ಐವತ್ತು ದಾಟಿದ ಮೇಲೆ ದೊಡ್ಡಜ್ಜಿ ಒಂದು ದಿನ “ಇನ್ನು ಅವನು ಬರುವುದು ಬೇಡ” ಎಂದರು. ಕೂದಲು ಬಿಟ್ಟರು. ಬೆಳ್ಳಗೆ, ಭುಜದವರೆಗೆ. ಮನೆಗೆ ಯಾವ ಸುಧಾರಕರೂ ಬಂದಿರಲಿಲ್ಲ, ಯಾರೂ ಭಾಷಣ ಮಾಡಿರಲಿಲ್ಲ. ‘ಸಕೇಶಿ’ಯ, ಅಂದರೆ ತಲೆ ಬೋಳಿಸಿಕೊಳ್ಳದ ವಿಧವೆಯ, ಕೈಯ ಅಡುಗೆ ಉಣ್ಣುವುದಿಲ್ಲ ಎಂದು ಹಿರಿಯ ಮಾವ ಎರಡು ವರ್ಷ ಬೇರೆ ಒಲೆ ಹೂಡಿಸಿದರು. ಆಮೇಲೆ ಅವರಿಗೇ ಬೇಸರವಾಯಿತು.

ಕಪಿಲೆ ದಂಡೆ:
@ಮೆಣಸಿನ ಬಳ್ಳಿ, ಓದಿ ಸುಮ್ಮನೆ ಕುಳಿತೆ. ಮಗಳಿಗೆ ಓದಿ ಹೇಳಿದೆ. “ಅಪ್ಪಾ, ಅವರ ಚಿತ್ರ ಸಿಗುತ್ತದೆಯೇ?” ಎಂದು ಕೇಳಿದಳು.

ಮೆಣಸಿನ ಬಳ್ಳಿ:
ಇಲ್ಲ ಸರ್. ಮಡಿ ಹೆಂಗಸರ ಚಿತ್ರ ಯಾರು ತೆಗೆಸುತ್ತಿದ್ದರು?

ನೇರ ನುಡಿ:
ಕ್ಷಮಿಸಿ, ಕಣ್ಣೀರು ಒರೆಸಿಕೊಂಡು ಸ್ವಲ್ಪ ಲೆಕ್ಕ ನೋಡೋಣ. ಶೃಂಗಾರ ಕಾವ್ಯ ಅಚ್ಚು ಹಾಕಿಸುವುದು ಸುಧಾರಣೆ ಹೇಗಾಗುತ್ತದೆ? ವಿಧವಾ ವಿವಾಹದಿಂದ ಒಬ್ಬ ಹುಡುಗಿಯ ಬದುಕು ಬದಲಾಯಿತು. ಪುಸ್ತಕದಿಂದ ಯಾರ ಬದುಕು ಬದಲಾಯಿತು? ಟೀಚರ್ ಕೇಳಿದ್ದು ಸರಿಯಾಗಿಯೇ ಇದೆ.

ರದ್ದಿ ಅಂಗಡಿ:
@ನೇರ ನುಡಿ, ಹೆಣ್ಣು ಬಯಸುವ ಜೀವ ಎಂದು ಒಪ್ಪಿಕೊಳ್ಳದೆ ವಿಧವಾ ವಿವಾಹದ ಮಾತು ಎಲ್ಲಿಂದ ಹುಟ್ಟುತ್ತದೆ ಸ್ವಾಮಿ? ‘ಪಾಪ, ಗತಿಯಿಲ್ಲದವಳು, ಯಾರಾದರೂ ಕೈಹಿಡಿಯಲಿ’ ಎಂಬುದು ಒಂದು ದಾರಿ. ‘ಅವಳಿಗೂ ಆಸೆಯಿದೆ, ಅದು ಕೊಳಕಲ್ಲ’ ಎಂಬುದು ಇನ್ನೊಂದು. ಹತ್ತೊಂಬತ್ತನೇ ಶತಮಾನದ ನಮ್ಮ ಸುಧಾರಕರಲ್ಲಿ ಬಹುಪಾಲು ಮೊದಲನೆಯ ದಾರಿಯಲ್ಲಿ ನಡೆದರು, ಎರಡನೆಯದರ ಬಾಯಿಗೆ ಬೀಗ ಹಾಕಿದರು. ನಾಗರತ್ನಮ್ಮ ಬೀಗ ಒಡೆದರು. ಅಷ್ಟೇ ನಾನು ಹೇಳುವುದು.

ನೇರ ನುಡಿ:
ಮಾತು ಚೆನ್ನಾಗಿದೆ. ಆದರೆ ಇದು ನಿಮ್ಮ 2020ರ ಕನ್ನಡಕ.

ರದ್ದಿ ಅಂಗಡಿ:
1910ರಲ್ಲಿ ಅವರೇ ಕೇಳಿದ ಪ್ರಶ್ನೆ ನನ್ನ ಕನ್ನಡಕ ಹೇಗಾಗುತ್ತದೆ?

ಅಡಿಕೆ ಹೋಳು:
ನಮ್ಮಲ್ಲಿ ಅಕ್ಕಮಹಾದೇವಿ ಬಟ್ಟೆಯನ್ನೇ ಬಿಟ್ಟು ಹೊರಟವಳು. ಆದರೂ ಕ್ಯಾಲೆಂಡರಿನವರು ಅವಳಿಗೆ ಮೊಣಕಾಲಿನವರೆಗೆ ಕೂದಲು ಬೆಳೆಸಿ ಹೊದಿಸಿಬಿಟ್ಟರು. ತಂಟೆಯೇ ಇಲ್ಲ.

ನಿವೃತ್ತ ಡಾಕ್ಟರಮ್ಮ:
ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಕಳೆದವಳು ನಾನು. ಪಟ್ಟಿಯ ಕೊನೆಯ ಹೆಸರಿನ ಬಗ್ಗೆ ಹೇಳಬೇಕು. ದೊಡ್ಡ ಕರ್ವೆಯವರು 1893ರಲ್ಲಿ ವಿಧವೆಯನ್ನು ಮದುವೆಯಾದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭಿಸಿದರು, ಭಾರತರತ್ನವೂ ಬಂತು. ಸಂತೋಷ. ಆದರೆ ಅವರ ಮಗ ರಘುನಾಥ ಕರ್ವೆಯನ್ನು ಯಾವ ಚಾರ್ಟಿನಲ್ಲಿಯೂ ನೋಡಿಲ್ಲ. ಗಣಿತದ ಮೇಷ್ಟರು. 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರ ತೆರೆದರು, ಅದರಿಂದಾಗಿ ಕಾಲೇಜಿನ ಕೆಲಸ ಹೋಯಿತು. 1927ರಿಂದ ಸಾಯುವವರೆಗೆ, 1953ರವರೆಗೆ, ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸಿದರು. ಗಂಡ ಹೆಂಡಿರ ದೇಹಸಂಬಂಧದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಅಶ್ಲೀಲವೆಂದು ಕೋರ್ಟಿಗೆ ಎಳೆದರು. 1934ರಲ್ಲಿ ಅವರ ಪರ ವಾದಿಸಿದ ವಕೀಲರು ಯಾರು ಗೊತ್ತೇ? ಅಂಬೇಡ್ಕರ್. ಆದರೂ ದಂಡ ಬಿತ್ತು.

ಅಪ್ಪ ವಿಧವೆಗೆ ಗಂಡ ಬೇಕೆಂದರು, ಸಮಾಜ ಗೊಣಗಿ ಕೊನೆಗೆ ಒಪ್ಪಿತು. ಮಗ ಹೆಣ್ಣಿಗೆ ಸುಖವೂ ಬೇಕು, ಬೇಡದ ಬಸಿರು ಬೇಡ ಎಂದರು, ಅವರನ್ನು ಮರೆತೇಬಿಟ್ಟಿತು. ಇದಕ್ಕೆ ಹೋಲಿಸಿದರೆ ನಮ್ಮ ಮೈಸೂರು ಸಂಸ್ಥಾನ ವಾಸಿ. 1930ರಲ್ಲಿಯೇ ಜಗತ್ತಿನ ಮೊದಲ ಸಂತಾನ ನಿಯಂತ್ರಣ ಕೇಂದ್ರ ತೆರೆದದ್ದು ನಾವು.

ಲೆಕ್ಕಿಗ:
ಡಾಕ್ಟರಮ್ಮ, ಸಣ್ಣ ತಿದ್ದುಪಡಿ. ನೀವೇ ಹೇಳಿದ ಹಾಗೆ ಕರ್ವೆಯವರದು 1921. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ಅವರದೂ ಅದೇ ವರ್ಷ. ನ್ಯೂಯಾರ್ಕಿನಲ್ಲಿ ಮಾರ್ಗರೆಟ್ ಸ್ಯಾಂಗರ್ ಅವರದು 1916. ಮೈಸೂರಿನ ಹೆಗ್ಗಳಿಕೆ ಏನೆಂದರೆ ಒಂದು ಸರ್ಕಾರವೇ ಮುಂದೆ ನಿಂತು, ತನ್ನ ಆಸ್ಪತ್ರೆಗಳಲ್ಲಿಯೇ ಅದನ್ನು ತೆರೆದದ್ದು. ಅದು ಮೊದಲನೆಯದು.

ನಿವೃತ್ತ ಡಾಕ್ಟರಮ್ಮ:
ಒಪ್ಪಿದೆ. ‘ಸರ್ಕಾರಿ’ ಎಂಬ ಮಾತು ಬಿಟ್ಟುಹೋಯಿತು. ಇಡೀ ಜನ್ಮ ಸರ್ಕಾರಿ ಕೆಲಸ ಮಾಡಿಯೂ!

ಅಂದ ಹಾಗೆ ಅದೇ ಸ್ಯಾಂಗರ್ 1935ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯವರ ಜೊತೆ ವಾದ ಮಾಡಿದರು. ಗಾಂಧೀಜಿ ಗರ್ಭನಿರೋಧಕ ಸಾಧನಗಳನ್ನು ಒಪ್ಪಲಿಲ್ಲ, ಸಂಯಮವೇ ದಾರಿ ಎಂದರು. ಏಳನೇ ಹೆರಿಗೆಗೆ ಬಂದು ಮಂಚ ಸಿಗದೆ ನೆಲದ ಮೇಲೆ ಮಲಗಿದ ಹೆಂಗಸಿಗೆ ಸಂಯಮದ ಪಾಠ ಹೇಳುವುದು ನನ್ನಿಂದಂತೂ ಆಗಲಿಲ್ಲ. ಸಂಯಮ ಬೇಕಾಗಿದ್ದವನು ಹೊರಗೆ ಬೀಡಿ ಸೇದುತ್ತಾ ನಿಂತಿರುತ್ತಿದ್ದ.

ಹೊಳೆಸಾಲು:
😂 ಡಾಕ್ಟರಮ್ಮ ನೀವು ದಿನಾ ಬರೆಯಿರಿ.

ಮಲಪ್ರಭೆ:
ಎಲ್ಲರೂ ನಾಗರತ್ನಮ್ಮನವರ ಜಯಕಾರ ಹಾಕುತ್ತಿದ್ದೀರಿ. ಸವದತ್ತಿ ಸೀಮೆಯವಳಾಗಿ ನನಗೆ ಒಂದು ಕಸಿವಿಸಿ ಇದೆ. ದೇವದಾಸಿ ಎಂದ ಕೂಡಲೇ ನಿಮಗೆ ವೀಣೆ, ಜಾವಳಿ, ಸಂಸ್ಕೃತ ನೆನಪಾಗುತ್ತದೆ. ನನಗೆ ನೆನಪಾಗುವುದು ಕೊರಳಿನ ಮುತ್ತು. ದಲಿತ ಕೇರಿಯ ಹುಡುಗಿಗೆ ಬುದ್ಧಿ ಬಲಿಯುವ ಮೊದಲೇ ಕಟ್ಟುವ ಕೆಂಪು ಬಿಳಿ ಮಣಿ. ಅದರಲ್ಲಿ ಯಾವ ಕಾವ್ಯವೂ ಇಲ್ಲ.

ನಾನು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಪ್ರತಿ ಜೂನ್ ತಿಂಗಳು ದಾಖಲಾತಿ ಅರ್ಜಿ ತುಂಬಿಸುವಾಗ ಒಂದು ಕಡೆ ಪೆನ್ನು ನಿಲ್ಲುತ್ತದೆ: ‘ತಂದೆಯ ಹೆಸರು’. ತಾಯಿ ನನ್ನ ಮುಖ ನೋಡುತ್ತಾಳೆ, ನಾನು ಕಿಟಕಿ ನೋಡುತ್ತೇನೆ. ಕೆಲವರು ತಮ್ಮ ಅಣ್ಣನ ಹೆಸರು ಬರೆಸುತ್ತಾರೆ. ಒಬ್ಬಳು “ಯಲ್ಲಮ್ಮ ಎಂದು ಬರೆಯಿರಿ” ಎಂದಳು. ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ ಬಂದದ್ದು 1982ರಲ್ಲಿ.

ಮದ್ರಾಸಿನಲ್ಲಿ ದೇವದಾಸಿ ಪದ್ಧತಿ ನಿಲ್ಲಬೇಕೆಂದು ಮಸೂದೆ ತಂದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿ ದೇವದಾಸಿ ಮನೆತನದವರು. ಒಳಗಿನ ನೋವು ಗೊತ್ತಿದ್ದವರು. ಆ ಮಸೂದೆಯನ್ನು ವಿರೋಧಿಸಿದ ದೇವದಾಸಿಯರ ಮುಂದಾಳು ಇದೇ ನಿಮ್ಮ ನಾಗರತ್ನಮ್ಮ. ಹಾಗಾದರೆ ಸುಧಾರಕಿ ಯಾರು?

ನೇರ ನುಡಿ:
ಇದೇ ನಾನು ಹೇಳಿದ್ದು!

ಮಲಪ್ರಭೆ:
ಇಲ್ಲ ಸರ್, ನೀವು ಹೇಳಿದ್ದು ಇದಲ್ಲ. ನೀವು ಪುಸ್ತಕದಿಂದ ಯಾರ ಬದುಕೂ ಬದಲಾಗುವುದಿಲ್ಲ ಎಂದಿರಿ. ನನ್ನ ಪ್ರಶ್ನೆಯೇ ಬೇರೆ.

ರದ್ದಿ ಅಂಗಡಿ:
@ಮಲಪ್ರಭೆ ಅಕ್ಕ, ನಿಮ್ಮ ಮಾತಿಗೆ ಎದುರು ಹೇಳಲಾರೆ. ಒಂದನ್ನು ಮಾತ್ರ ಸೇರಿಸುತ್ತೇನೆ. ಮುತ್ತುಲಕ್ಷ್ಮಿಯವರ ಮಸೂದೆಯಲ್ಲಿ ದೇವದಾಸಿಯರೆಲ್ಲ ಒಂದೇ ಕಟ್ಟಿಗೆ ಸೇರಿದರು. ಹೆಣ್ಣಿಗೂ ಆಸ್ತಿಯಿದ್ದ, ಓದು ಕಲಿತಿದ್ದ, ಸಂಗೀತದಿಂದಲೇ ಬದುಕುತ್ತಿದ್ದ ಮನೆತನಗಳಿಗೂ ‘ಕೆಟ್ಟವರು’ ಎಂಬ ಹಣೆಪಟ್ಟಿ ಬಿತ್ತು. ನಾಗರತ್ನಮ್ಮನವರು ಹೋರಾಡಿದ್ದು ಆ ಹಣೆಪಟ್ಟಿಯ ವಿರುದ್ಧ. ನೀವು ಹೇಳುವ ಹುಡುಗಿ ಅವರ ಕಣ್ಣಿಗೆ ಬಿದ್ದಿರಲಿಲ್ಲ, ಅದು ಅವರ ಮಿತಿ. ಹಾಡುವ ಹೆಂಗಸು ಮುತ್ತುಲಕ್ಷ್ಮಿಯವರಿಗೆ ಸರಿಯಾಗಿ ಕಾಣಲಿಲ್ಲ, ಅದು ಅವರದು.

ಮಲಪ್ರಭೆ:
ಮಿತಿ ಎಂಬ ಮಾತು ನೀವು ಸರಾಗವಾಗಿ ಬರೆದಿರಿ. ಅರ್ಜಿಯ ಮುಂದೆ ಕುಳಿತಾಗ ಅಷ್ಟು ಸರಾಗವಲ್ಲ. ಆದರೂ ಸರಿ, ಹಣೆಪಟ್ಟಿಯ ವಿಷಯ ಒಪ್ಪುತ್ತೇನೆ. ನಮ್ಮಲ್ಲಿಯೂ ಕಾನೂನು ಬಂದ ಮೇಲೆ ಪೊಲೀಸರು ಮೊದಲು ಹಿಡಿದು ಕೂರಿಸಿದ್ದು ತಾಯಂದಿರನ್ನೇ, ಮುತ್ತು ಕಟ್ಟಿಸಿದ ಗೌಡರನ್ನಲ್ಲ.

ಸಂತೆ ಪೇಟೆ:
ನಂಜನಗೂಡು ಎಂದರೆ ಇನ್ನೊಬ್ಬರನ್ನು ಎಲ್ಲರೂ ಮರೆತಿದ್ದೀರಿ. ನಂಜನಗೂಡು ತಿರುಮಲಾಂಬ! 1887ರಲ್ಲಿ ಹುಟ್ಟಿದವರು, ಅಂದರೆ ನಾಗರತ್ನಮ್ಮನವರಿಗಿಂತ ಒಂಬತ್ತು ವರ್ಷ ಚಿಕ್ಕವರು. ವಕೀಲರ ಮಗಳು, ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಮನೆಯಲ್ಲಿಯೇ ಓದಿ, ‘ಸತೀಹಿತೈಷಿಣಿ’ ಎಂಬ ಪ್ರಕಟಣಾಲಯ ಕಟ್ಟಿ, ಕಾದಂಬರಿ, ನಾಟಕ ಬರೆದು, ಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದಲ್ಲಿ ಹೆಂಗಸೊಬ್ಬಳು ಬರೆದು ಅಚ್ಚು ಹಾಕಿಸಿ ಮಾರಬಹುದು ಎಂದು ತೋರಿಸಿದವರು. ಒಂದೇ ಊರು, ಒಂದೇ ಕಪಿಲಾ ನದಿ. ಒಬ್ಬರು ಗಣಿಕೆಯ ಮಗಳು, ಇನ್ನೊಬ್ಬರು ಮಡಿ ಮನೆಯ ಬಾಲವಿಧವೆ.

ನೇರ ನುಡಿ:
ತಿರುಮಲಾಂಬ ಅವರ ಕಾದಂಬರಿಗಳಲ್ಲಿ ಪಾತಿವ್ರತ್ಯವೇ ಪರಮಧರ್ಮ. ಅವರನ್ನು ನಿಮ್ಮ ಬಂಡಾಯದ ಪಟ್ಟಿಗೆ ಸೇರಿಸಬೇಡಿ.

ಸಂತೆ ಪೇಟೆ:
ಸೇರಿಸುತ್ತೇನೆ, ತಡೆಯಿರಿ. ಬರೆದದ್ದು ಪಾತಿವ್ರತ್ಯವೇ ಇರಬಹುದು. ಆದರೆ ಬಾಲವಿಧವೆಯ ಮುಖ ಬೆಳಗ್ಗೆ ಎದ್ದು ನೋಡಬಾರದು ಎನ್ನುತ್ತಿದ್ದ ಕಾಲದಲ್ಲಿ ಅಂಥವಳ ಹೆಸರು ಪುಸ್ತಕದ ರಕ್ಷಾಪುಟದ ಮೇಲೆ ಅಚ್ಚಾಗಿ ಮನೆಮನೆಗೆ ಹೋಯಿತಲ್ಲ. 1894ರಲ್ಲಿ ಮೈಸೂರು ಸರ್ಕಾರ ಶಿಶುವಿವಾಹದ ಮೇಲೆ ಕಾನೂನು ತಂದಾಗ ಅದು ಹೇಳಿದ್ದು ಏನು? ಎಂಟು ವರ್ಷ ತುಂಬದ ಹುಡುಗಿಯ ಮದುವೆ ಮಾಡಬಾರದು, ಐವತ್ತು ದಾಟಿದವನು ಹದಿನಾಲ್ಕು ತುಂಬದವಳನ್ನು ಮದುವೆಯಾಗಬಾರದು. ಅಷ್ಟೇ! ಎಂಟು! ತಿರುಮಲಾಂಬ ಅವರ ಮದುವೆ ಆ ಕಾನೂನಿನ ಪ್ರಕಾರವೂ ಸರಿಯಾದದ್ದೇ. ಅಂಥ ಸುಧಾರಣೆಯ ಕಾಲದಲ್ಲಿ ಅವರು ಪೆನ್ನು ಹಿಡಿದರು.

ಗುಡ್ಡದ ಕೆಳಗೆ:
ವಿಷಯಾಂತರಕ್ಕೆ ಕ್ಷಮೆ ಇರಲಿ. ನಂಜನಗೂಡಿನಲ್ಲಿ ಹುಟ್ಟಿದವರಿಗೆ ‘ಬೆಂಗಳೂರು’ ನಾಗರತ್ನಮ್ಮ ಎಂದು ಹೆಸರು ಏಕೆ ಬಂತು?

ರದ್ದಿ ಅಂಗಡಿ:
ಮದ್ರಾಸಿಗೆ ಹೋಗುವ ಮೊದಲು ಅವರು ಹೆಸರು ಮಾಡಿದ್ದು ಬೆಂಗಳೂರಿನಲ್ಲಿ. ನೀವು ಹನುಮಂತನಗರದ ಕಡೆಯವರಾದರೆ ನರಹರಿರಾಯನ ಗುಡ್ಡ ನೋಡಿರುತ್ತೀರಿ. ಆ ನರಹರಿರಾಯರು ಮೈಸೂರಿನ ನ್ಯಾಯಾಧೀಶರು, ನಾಗರತ್ನಮ್ಮನವರ ಆಶ್ರಯದಾತರು.

ಗುಡ್ಡದ ಕೆಳಗೆ:
ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ಆ ಗುಡ್ಡ ಹತ್ತುತ್ತಿದ್ದೇನೆ! ಯಾರೋ ಸನ್ಯಾಸಿ ಎಂದುಕೊಂಡಿದ್ದೆ.

ಅಡಿಕೆ ಹೋಳು:
ಗುಡ್ಡಕ್ಕೆ ನ್ಯಾಯಾಧೀಶರ ಹೆಸರು. ಸರಿ ಬಿಡಿ.

ಸಂಗೀತದ ಹುಚ್ಚಿ:
ತಡವಾಗಿ ಬಂದೆ. ಟೀಚರ್ ಪ್ರಶ್ನೆಗೆ ನೇರ ಉತ್ತರ ತಂಜಾವೂರಿನ ಹತ್ತಿರದ ತಿರುವಯ್ಯಾರಿನಲ್ಲಿದೆ. ತ್ಯಾಗರಾಜರ ಸಮಾಧಿ ಪಾಳು ಬಿದ್ದಿತ್ತು. ನಾಗರತ್ನಮ್ಮನವರು ಹಾಡಿ ಗಳಿಸಿದ ಹಣವನ್ನು ಸುರಿದು ಅಲ್ಲಿ ಗುಡಿ ಕಟ್ಟಿಸಿದರು, 1920ರ ದಶಕದಲ್ಲಿ ಪ್ರತಿಷ್ಠೆಯಾಯಿತು. ಅಷ್ಟಾದರೂ ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದರು ದೊಡ್ಡ ವಿದ್ವಾಂಸರು. ಕಟ್ಟಿಸಿದವಳೇ ಹೊರಗೆ! ಆಗ ಅವರು ಗುಡಿಯ ಹಿಂಬದಿಯಲ್ಲಿ ಹೆಂಗಸರದೇ ಕಚೇರಿ ಏರ್ಪಡಿಸಿದರು. ವರ್ಷ ವರ್ಷವೂ ಬಿಡದೆ ನಡೆಸಿದರು. 1940ರ ಹೊತ್ತಿಗೆ ಬೇರೆ ಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಬಣಗಳೆಲ್ಲ ಒಂದಾದವು, ಹೆಂಗಸರೂ ಹಾಡತೊಡಗಿದರು. ಇಂದು ಪಂಚರತ್ನ ಕೃತಿಗಳನ್ನು ಹಾಡಲು ಸಾಲಾಗಿ ಕೂರುವ ರೇಷ್ಮೆ ಸೀರೆಗಳೆಲ್ಲ ಅಲ್ಲಿಗೆ ಬಂದದ್ದು ಆ ಹಿಂಬದಿಯ ದಾರಿಯಿಂದಲೇ. 1952ರಲ್ಲಿ ತೀರಿಕೊಂಡಾಗ ಅವರಿಗೂ ತ್ಯಾಗರಾಜರ ಸಮಾಧಿಯ ಹತ್ತಿರವೇ ಜಾಗ ಸಿಕ್ಕಿತು.

ಬಳ್ಳಾರಿ ಬಿಸಿಲು:
ಇದು ನನಗೆ ತಿಳಿದಿರಲಿಲ್ಲ. ವೀರೇಶಲಿಂಗಂ ಅವರನ್ನು ಪಟ್ಟಿಯಿಂದ ತೆಗೆಯುವುದಿಲ್ಲ. ಪಕ್ಕದಲ್ಲಿ ಇವರನ್ನೂ ಕೂರಿಸಿ. ಇಬ್ಬರೂ ಜಗಳವಾಡಲಿ.

ಕಪಿಲೆ ದಂಡೆ:
ಎಲ್ಲರಿಗೂ ವಂದನೆ. ಇವತ್ತಿನ ಸುದ್ದಿ: ಮಗಳು ತಾನೇ ಟೀಚರ್ ಹತ್ತಿರ ಮಾತನಾಡಿದಳು. ನಾಗರತ್ನಮ್ಮನವರಿಗೆ ಜಾಗ ಸಿಕ್ಕಿತು! ಆದರೆ ಟೀಚರ್ ಎರಡು ಸಾಲು ಅಳಿಸಿದ್ದಾರೆ. ‘ಗಣಿಕೆಯಾಗಿದ್ದ ಪುಟ್ಟಲಕ್ಷ್ಮಿಯ ಮಗಳು’ ಎಂಬುದು ಒಂದು, ‘ರಾಧಿಕಾ ಸಾಂತ್ವನಮು’ ಇನ್ನೊಂದು. ಈಗ ‘ತ್ಯಾಗರಾಜರ ಸಮಾಧಿ ಕಟ್ಟಿಸಿದ ಭಕ್ತೆ’ ಎಂದಷ್ಟೇ ಉಳಿದಿದೆ.

ರದ್ದಿ ಅಂಗಡಿ:
ತಾಯಿಯ ಹೆಸರೂ ಹೋಯಿತು, ಶೃಂಗಾರವೂ ಹೋಯಿತು. ಹಳೆಯ ಅಚ್ಚಿನಲ್ಲಿ ಮುದ್ದುಪಳನಿಗೆ ಆದದ್ದೂ ಕರಾರುವಾಕ್ಕಾಗಿ ಇದೇ!

ಮಲಪ್ರಭೆ:
ಸರ್, ತಾಯಿಯ ಹೆಸರನ್ನಾದರೂ ಮತ್ತೆ ಬರೆಯಿಸಿ. ಗಣಿಕೆ ಎಂಬ ಪದ ಬೇಡವಾದರೆ ಬಿಡಿ. ‘ಪುಟ್ಟಲಕ್ಷ್ಮಿಯ ಮಗಳು’ ಎಂದರೆ ಸಾಕು.

ಕಪಿಲೆ ದಂಡೆ:
ಮಗಳಿಗೆ ತೋರಿಸಿದೆ. ಸ್ಕೆಚ್ ಪೆನ್ ತೆಗೆದುಕೊಂಡು ಕುಳಿತಿದ್ದಾಳೆ.

ಸಂತೆ ಪೇಟೆ:
ಸಂತೋಷ. ಇನ್ನೊಂದು ಕೇಳಬೇಕಿತ್ತು, ಊರಿನವರಾದ್ದರಿಂದ: ನಂಜನಗೂಡಿನ ನಿಜವಾದ ರಸಬಾಳೆ ಈಗ ಎಲ್ಲಿ ಸಿಗುತ್ತದೆ? ಮೈಸೂರಿನ ಮಾರುಕಟ್ಟೆಯಲ್ಲಿ ರಸಬಾಳೆ ಎಂದು ಏನೇನೋ ಕೊಡುತ್ತಾರೆ.

ಕಪಿಲೆ ದಂಡೆ:
ಅದಕ್ಕೆ ಬೇರೆ ಚರ್ಚೆ ಆರಂಭಿಸಿ ಸರ್, ಇದಕ್ಕಿಂತ ದೊಡ್ಡ ಜಗಳ ಆಗುತ್ತದೆ.